ಹೊನ್ನವ್ವನ ಒಪ್ಪತ್ತು

ರಾಮಕ್ಕ ತನ್ನ ಹೊಸ್ತಿಲ ಮುಂದೆ, ರಂಗೋಲಿ ಹಾಕುವ ಜಾಗದಲ್ಲಿ, ರಂಗೋಲಿ ಪುಡಿಯಿಂದಲೇ ‘ನೆನ್ನೆ ರಾತ್ರಿ: ಅನ್ನ, ಹಸಿಮೆಣಸಿನಕಾಯಿ’ ಎಂದು ಬರೆದ ದಿನ ನಾನು ನಕ್ಕುಬಿಟ್ಟೆ. ಈ ಹೆಂಗಸಿಗೆ ಈ ವಯಸ್ಸಿನಲ್ಲಿ ಇದೇನು ಬಂತಪ್ಪಾ ಎಂದುಕೊಂಡು ಕೊಡ ಎತ್ತಿಕೊಂಡು ನಲ್ಲಿಗೆ ಹೋದೆ. ನನ್ನ ಬಾಯಿ ಸ್ವಲ್ಪ ಜೋರು, ಎದೆ ಮಾತ್ರ ಪುಕ್ಕಲು. ಆ ನಗು ವಾರ ಕಳೆಯುವುದರೊಳಗೆ ಗಂಟಲಲ್ಲೇ ಸಿಕ್ಕಿಕೊಂಡಿತು.

ನಾವಿರುವುದು ಬಾಪೂಜಿ ನಗರದ ಒಂದು ವಠಾರದಲ್ಲಿ. ಮೈಸೂರು ರೋಡಿನಿಂದ ಒಳಗೆ ತಿರುಗಿದರೆ, ಆಟೋ ಕೂಡ ಹಿಂದೆಮುಂದೆ ಮಾಡಿ ನುಗ್ಗಬೇಕಾದಂಥ ಗಲ್ಲಿ. ಎದುರುಬದುರು ಸಾಲುಮನೆ, ತಲೆಯ ಮೇಲೆ ಶೀಟು, ಮಧ್ಯದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ವಠಾರದ ಓನರ್ ಪಂಚಾಕ್ಷರಿಯವರು. ನಮ್ಮ ಮನೆಯವರು, ಅಮರೇಶ, ಓಡಿಸುವ ನೀರಿನ ಟ್ಯಾಂಕರೂ ಅವರದೇ. ಲಿಂಗಸೂಗೂರಿನ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ನಿಂತಾಗ ಹಣೆಯ ವಿಭೂತಿ ನೋಡಿ, ‘ನಮ್ಮ ಕಡೆಯವರು’ ಎಂದು ಅಡ್ವಾನ್ಸ್ ಕೇಳದೆ ಬೀಗದ ಕೈ ಕೊಟ್ಟ ಪುಣ್ಯಾತ್ಮರು. ಅದು ಸುಳ್ಳಲ್ಲ. ಆದರೆ ತಲೆ ಮೇಲಿನ ಶೀಟೂ ಅವರದು, ಕೈಯಲ್ಲಿರುವ ಸ್ಟೇರಿಂಗೂ ಅವರದು ಎಂದಮೇಲೆ ನಮ್ಮದು ಅನ್ನುವುದಕ್ಕೆ ನಮ್ಮ ನಾಲಿಗೆ ಒಂದೇ ಉಳಿದಿತ್ತು. ಅದನ್ನೂ ಹದ್ದುಬಸ್ತಿನಲ್ಲಿ ಇಟ್ಟುಕೊಂಡೇ ಬಾಳುತ್ತಿದ್ದೆವು.

ಮನೆಯಲ್ಲಿ ನಾವು ಐದು ಜನ. ನಾನು ನೀಲಾಂಬಿಕಾ, ವಿಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುತ್ತೇನೆ. ನಮ್ಮತ್ತೆ ಹೊನ್ನವ್ವ. ನನ್ನ ನಾದಿನಿ ಸುವರ್ಣಾ, ಅತ್ತಿಗುಪ್ಪೆಯ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವವಳು. ನನ್ನ ಮಗಳು ಸೌಮ್ಯಶ್ರೀ, ಎರಡನೇ ಕ್ಲಾಸು. ಇನ್ನು ನಮ್ಮ ಮನೆಯವರು.

ವಾರ್ಡ್ ಎಲೆಕ್ಷನ್ನು ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಹೇಳುತ್ತಲೇ ಇದ್ದರು. ಪಂಚಾಕ್ಷರಿಯವರಿಗೆ ನಿಲ್ಲುವ ಆಸೆ. ಗಣಪತಿ ಗುಡಿಯ ಮುಂದೆ ಮೀಟಿಂಗ್ ಮಾಡಿ, ಗೆದ್ದರೆ ಏನೇನು ಮಾಡುತ್ತೇನೆ ಎಂದು ಅಚ್ಚು ಹಾಕಿಸಿದ ಪಾಂಪ್ಲೆಟ್ ಹಂಚಿದರು. ಫುಟ್‌ಪಾತು, ಪಾರ್ಕು, ಕ್ಯಾಮೆರಾ, ಬೀದಿನಾಯಿ. ಎಲ್ಲ ಮುಗಿದ ಮೇಲೆ ರಾಮಕ್ಕ ಎದ್ದು ನಿಂತು, ಈ ವರ್ಷ ನಮ್ಮ ವಠಾರದಲ್ಲಿ ಅರ್ಧ ಮನೆಗಳ ರೇಷನ್ ಕಾರ್ಡು ರದ್ದಾಗಿದೆ, ಯಾಕೆ ಅಂತ ಕೇಳಿದರೆ ಹೇಳುವವರೇ ಇಲ್ಲ, ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಸಾರ್, ಎಂದು ಕೇಳಿದಳು. ರಾಮಕ್ಕ ಮುಂಚೆ ಗಾರ್ಮೆಂಟ್ಸ್‌ನಲ್ಲಿ ಇದ್ದವಳು. ಸೂಪರ್‌ವೈಸರ್‌ಗಳ ಜೊತೆ ಗುದ್ದಾಡಿ ಗುದ್ದಾಡಿ ಅವಳಿಗೆ ಭಯ ಅನ್ನುವುದು ಸವೆದು ಹೋಗಿದೆ.

ಪಂಚಾಕ್ಷರಿಯವರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವುದೇ ಇಲ್ಲ, ಅದೇ ನನಗೆ ಭಯ. ನಗುತ್ತಲೇ ಕೇಳಿದರು.

“ಅಮ್ಮಾ, ನಮ್ಮ ವಾರ್ಡಲ್ಲಿ ಹಸಿದು ಮಲಗೋರು ಯಾರಿದ್ದಾರೆ? ಹೆಸರು ಹೇಳಿ. ನಾನೇ ಊಟ ಕಳಿಸ್ತೀನಿ.”

ಅಷ್ಟು ಜನರ ಮುಂದೆ ಯಾರು ತಮ್ಮ ಹೆಸರು ಹೇಳುತ್ತಾರೆ? ಒಂದಿಬ್ಬರು ನಕ್ಕರು. ರಾಮಕ್ಕ ಕೂತಳು. ಮರುದಿನ ಬೆಳಗ್ಗೆ ಹೊಸ್ತಿಲ ಮುಂದೆ ಬರೆದಳು. ನಲ್ಲಿಯ ಹತ್ತಿರ ನಾನು ಕೇಳಿದ್ದಕ್ಕೆ, ಬಾಯಲ್ಲಿ ಹೇಳೋಕೆ ನಾಚಿಕೆ ಕಣೇ ನೀಲಾ, ಅದಕ್ಕೇ ಬರೆದೆ ಎಂದಳು. “ಓಟು ಕೇಳೋಕೆ ಬರೋರು ಇದನ್ನ ದಾಟ್ಕೊಂಡೇ ಒಳಗೆ ಬರ್ಬೇಕು. ಯಾವ ಪಾರ್ಟಿನಾದ್ರೂ ಆಗ್ಲಿ. ಕಾರ್ಡಿನ ವಿಷ್ಯ ಪಾಂಪ್ಲೆಟ್ಟಲ್ಲಿ ಅಚ್ಚಾಗೋವರೆಗೂ ನಾನು ಬರೀತೀನಿ.”

ಎರಡು ದಿನ ಅವಳೊಬ್ಬಳೇ. ಆಮೇಲೆ ಎದುರುಮನೆ ಚಿಕ್ಕಗಂಗಮ್ಮ ‘ಟೀ, ಬನ್ನು’ ಎಂದು ಬರೆದಳು. ಅವಳಿಗೆ ಅಕ್ಷರ ಬರುವುದಿಲ್ಲ, ಮೊಮ್ಮಗಳ ಕೈಯಲ್ಲಿ ಬರೆಸಿದ್ದು. ಆಮೇಲೆ ಒಂದೊಂದೇ ಬಾಗಿಲು. ‘ಮುದ್ದೆ, ಉಪ್ಪು ನೀರು.’ ‘ಮಕ್ಕಳಿಗೆ ಮಾತ್ರ ಅನ್ನ.’ ಯಾರದೋ ಮನೆ ಮುಂದೆ ‘ಚಿಕನ್’ ಎಂದೂ ಇತ್ತು. ಅದನ್ನು ನೋಡಿ ಇಡೀ ವಠಾರ ನಕ್ಕು, ಇದ್ದದ್ದು ಇದ್ದ ಹಾಗೆ ಬರೆದಿದ್ದಾಳಲ್ಲ ಬಿಡು ಎಂದು ಅವಳನ್ನೂ ಮೆಚ್ಚಿಕೊಂಡಿತು. ಗಲ್ಲಿಯಲ್ಲಿ ಅಡ್ಡಾಡುವ ಹುಡುಗರು ಫೋಟೋ ತೆಗೆದರು. ಪಕ್ಕದ ಗಲ್ಲಿಗೂ ಹಬ್ಬಿತು. ನಮ್ಮ ಹೊಸ್ತಿಲ ಮುಂದೆ ಮಾತ್ರ ದಿನಾ ಚಂದದ ಚುಕ್ಕಿ ರಂಗೋಲಿ.

ಬರೆದರೆ ಕಾಲು ಮುರಿಯುತ್ತೇನೆ ಎಂದು ನಮ್ಮ ಮನೆಯವರು ಮೊದಲೇ ಹೇಳಿದ್ದರು. ಸಾರ್ ಟ್ಯಾಂಕರ್ ಓಡಿಸುವವನ ಮನೆ ಮುಂದೆಯೇ ಅಂಥದ್ದು ಕಂಡರೆ ಇನ್ನೇನಿದೆ, ಮಾರನೇ ದಿನ ಗಂಟು ಕಟ್ಟಬೇಕು ಎಂಬುದು ಅವರ ಮಾತು. ನನಗೂ ಅದೇ ಸರಿ ಅನ್ನಿಸಿತು. ಈ ಊರಲ್ಲಿ ಶೀಟಿನ ಮನೆಗೂ ಎಷ್ಟು ಅಡ್ವಾನ್ಸ್ ಕೇಳುತ್ತಾರೆ ಎಂದು ಗೊತ್ತಿದ್ದವರಿಗೆ ಧೈರ್ಯ ಬರುವುದು ಕಷ್ಟ.

ಜಗಳ ತೆಗೆದವಳು ಸುವರ್ಣಾ. ಸಂಜೆ ಊಟಕ್ಕೆ ಕೂತಿದ್ದೆವು. ಅನ್ನ, ನೀರಾದ ಬೇಳೆಸಾರು, ಒಂದಿಷ್ಟು ಶೇಂಗಾ ಚಟ್ನಿ. ವೈನಿ, ನಾಳೆ ನಾನು ಬರೀತೀನಿ ಎಂದಳು, ನನ್ನ ಮುಖ ನೋಡಿಕೊಂಡು ಅಣ್ಣನಿಗೆ ಕೇಳುವ ಹಾಗೆ. ಅವರು ತಟ್ಟೆ ಕುಕ್ಕಿದರು. ಮಧ್ಯೆ ಬಾಯಿ ಹಾಕಿದವರು ನಮ್ಮತ್ತೆ.

“ಹೊಸ್ತಿಲದಾಗ ಇಲ್ಲ ಅಂತ ಬರೀಬಾರದವ್ವಾ. ಲಕ್ಷ್ಮಿ ಬಂದಾಕಿ ಅದನ್ನ ಓದಿ ಹಿಂದಕ ಹೋಗ್ತಾಳ.”

“ಲಕ್ಷ್ಮಿಗೆ ಓದೋಕೆ ಬರುತ್ತೆ, ಪಂಚಾಕ್ಷರಿ ಸಾರ್‌ಗೆ ಬರಲ್ಲ ಅಲ್ವಾ,” ಎಂದಳು ಸುವರ್ಣಾ. ನನಗೆ ನಗು ಬಂತು, ಗಂಡನ ಮುಖ ನೋಡಿ ನುಂಗಿಕೊಂಡೆ.

ನಮ್ಮತ್ತೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ತಟ್ಟೆ ಇರಲಿಲ್ಲ. ಅವತ್ತು ಅವರದು ಒಪ್ಪತ್ತು. ಸೋಮವಾರ ಶಿವನ ಹೆಸರಲ್ಲಿ ಒಂದೇ ಹೊತ್ತು ಉಣ್ಣುವುದು ನಮ್ಮ ಕಡೆ ವಯಸ್ಸಾದವರಲ್ಲಿ ಇದ್ದದ್ದೇ. ಬೆಂಗಳೂರಿಗೆ ಬಂದಮೇಲೆ ಅದಕ್ಕೆ ಗುರುವಾರ ಸೇರಿತು, ಊರಿನ ಮಠದ ಅಜ್ಜನ ಹೆಸರಲ್ಲಿ. ಆಮೇಲೆ ಅಮಾವಾಸ್ಯೆ, ಹುಣ್ಣಿಮೆ, ಸತ್ತುಹೋದ ಮಾವನ ಹೆಸರಲ್ಲಿ ಶನಿವಾರ. ನಮ್ಮ ರೇಷನ್ ಕಾರ್ಡೂ ರದ್ದಾದ ಮೇಲೆ ಮಂಗಳವಾರಕ್ಕೂ ಯಾವುದೋ ಹರಕೆ ಬಂತು. ನಮ್ಮ ಮನೆಯವರಿಗೆ ಇದು ದೊಡ್ಡ ಹೆಮ್ಮೆ. ನಮ್ಮ ಅವ್ವನಂಥ ಶರಣೆ ಈ ಏರಿಯಾದಾಗ ಇನ್ನೊಬ್ಬಾಕಿ ಇಲ್ಲ ಎಂದು ಡ್ರೈವರ್‌ಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಪಂಚಾಕ್ಷರಿಯವರ ಮುಂದೆಯೂ ಹೇಳಿದ್ದರು.

ಬಡಿಸುವವಳು ನಾನು, ಪಾತ್ರೆಯ ತಳ ನೋಡುವವಳು ನಾನು. ನನಗೆ ಗೊತ್ತಿಲ್ಲದೆ ಇರುತ್ತದೆಯೇ? ನನಗೆ ಗೊತ್ತಿದೆ ಎಂದು ಅತ್ತೆಗೂ ಗೊತ್ತಿತ್ತು. ಒಮ್ಮೆ ನಾನು ಬಾಯಿ ತೆರೆದಾಗ ಅವರು ನನ್ನ ಕೈ ಹಿಡಿದು, ಅವನಿಗೆ ತಿಳೀಬಾರದು, ಗಂಡಸು ಕುಗ್ಗಿ ಹೋಗ್ತಾನ ಎಂದಿದ್ದರು. ಅಲ್ಲಿಗೆ ಆ ಮಾತಿನ ಮೇಲೆ ಮುಚ್ಚಳ ಬಿತ್ತು. ಅಪಾರ್ಟ್‌ಮೆಂಟಿನಲ್ಲಿ ಮೂರು ಥರ ಪಲ್ಯ ಮಾಡಿಟ್ಟು, ತಿಂಡಿ ಉಳಿದರೆ ಕೊಡುತ್ತಾರೇನೋ ಎಂದು ಅಡುಗೆಮನೆ ಎರಡೆರಡು ಸಲ ಒರೆಸಿ, ಬರಿಗೈಲಿ ಮನೆಗೆ ಬಂದ ದಿನಗಳಲ್ಲಿ ಅತ್ತೆಯ ಹರಕೆ ಕೇಳಿ ನನಗೆ ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಹೇಳಿಕೊಳ್ಳುವ ಮಾತಲ್ಲ, ಆದರೆ ಆಗುತ್ತಿತ್ತು.

ಆ ವಾರದ ಕೊನೆಯಲ್ಲಿ ಒಂದು ಬೆಳಗ್ಗೆ ಗಲ್ಲಿಯಲ್ಲಿ ಟ್ಯಾಂಕರ್ ಬಂದ ಸದ್ದಾಯಿತು. ನೀರಿಗಾಗಿ ಒದ್ದಾಡುತ್ತಿದ್ದ ದಿನಗಳು, ಹೆಂಗಸರೆಲ್ಲ ಕೊಡ ಬಕೆಟ್ಟು ಹಿಡಿದುಕೊಂಡು ಹೊರಗೆ ಓಡಿದರು. ನಾನೂ ಓಡಿದೆ. ನಮ್ಮ ಮನೆಯವರು ಪೈಪು ಹಿಡಿದು ನಿಂತಿದ್ದರು. ನೀರನ್ನು ಯಾರ ಕೊಡಕ್ಕೂ ಬಿಡಲಿಲ್ಲ. ಒಂದೊಂದೇ ಬಾಗಿಲ ಮುಂದೆ ಹೊಸ್ತಿಲಿಗೆ ಹೊಡೆದುಕೊಂಡು ಬಂದರು. ಟೀ ಬನ್ನು ಹೋಯಿತು, ಮುದ್ದೆ ಉಪ್ಪುನೀರು ಹೋಯಿತು, ಎಲ್ಲ ಬೆಳ್ಳಗೆ ಕರಗಿ ಚರಂಡಿಗೆ ಹರಿಯಿತು. ರಾಮಕ್ಕ ತನ್ನ ಬರಹದ ಮೇಲೆ ಕಾಲಿಟ್ಟು ನಿಂತಳು. ಅವರು ತಲೆ ತಗ್ಗಿಸಿಕೊಂಡು ಅವಳ ಕಾಲಿಗೂ ನೀರು ಬಿಟ್ಟರು. ಅವಳು ಬೈಯಲಿಲ್ಲ. ಸೀರೆಯ ಅಂಚು ಎತ್ತಿಕೊಂಡು, “ಅಮರೇಶಣ್ಣ, ಕುಡಿಯೋಕೆ ಒಂದು ಬಿಂದಿಗೆ ಬಿಡಪ್ಪಾ, ಆಮೇಲೆ ತೊಳ್ಕೋ,” ಎಂದಳು. ಅವರು ಬಿಡಲಿಲ್ಲ. ಗಲ್ಲಿ ಕ್ಲೀನ್ ಮಾಡಿಸು, ಒಂದು ಹನಿ ಯಾರಿಗೂ ಬೇಡ ಎಂದು ಹಿಂದಿನ ಸಂಜೆ ಸಾರ್ ಹೇಳಿದ್ದರಂತೆ. ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮರುದಿನ ಎಲ್ಲ ಬಾಗಿಲ ಮುಂದೆ ಮತ್ತೆ ಬರೆದಿತ್ತು. ನಲ್ಲಿಯ ಹತ್ತಿರ ನನ್ನ ಕೊಡ ತಾನಾಗಿ ಕೊನೆಗೆ ಹೋಯಿತು. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಸೌಮ್ಯಳನ್ನು ಆಟಕ್ಕೆ ಕರೆಯುವುದನ್ನು ಚಿಕ್ಕಗಂಗಮ್ಮನ ಮೊಮ್ಮಗಳು ಬಿಟ್ಟಳು. ಆ ಕಡೆ ಓನರ್ ಭಯ, ಈ ಕಡೆ ವಠಾರದ ಭಯ. ಬಾಗಿಲು ತೆಗೆಯುವ ಮುಂಚೆ ಕಿಟಕಿಯಲ್ಲಿ ನೋಡಿ ಹೊರಗೆ ಬರುವ ಹಾಗಾಯಿತು ನನಗೆ.

ಅಂಥ ಹೊತ್ತಿನಲ್ಲಿ ನಮ್ಮ ಮನೆಯವರು ಒಂದು ಮಧ್ಯಾಹ್ನ ಮುಖ ಅರಳಿಸಿಕೊಂಡು ಬಂದರು. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು. ಬರುವ ಭಾನುವಾರ ಪಂಚಾಕ್ಷರಿಯವರು ಹೆಂಡತಿ ಸಮೇತ ನಮ್ಮ ಗಲ್ಲಿಗೇ ಬರುತ್ತಾರೆ, ಇಲ್ಲಿಂದಲೇ ಪ್ರಚಾರ ಶುರು, ಮೊದಲಿಗೆ ಅವ್ವನಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ ಎಂದರು. ಯಾಕೆ ಎಂದು ಕೇಳಿದೆ. ಹೊಟ್ಟೆಯ ಬಗ್ಗೆ ಬೀದಿಯಲ್ಲಿ ಬರೆದುಕೊಳ್ಳುವವರ ನಡುವೆ ಹೊಟ್ಟೆಯನ್ನೇ ಗೆದ್ದ ತಾಯಿ ಒಬ್ಬರಿದ್ದಾರೆ, ಅದನ್ನು ಜನ ನೋಡಲಿ ಅಂತ ಸಾರ್ ಹೇಳಿದರಂತೆ. ವಿಡಿಯೋ ಮಾಡುವವರೂ ಬರುತ್ತಾರಂತೆ. ವಾರದಲ್ಲಿ ನಾಲ್ಕೈದು ದಿನ ಒಪ್ಪತ್ತು ಮಾಡುವವರು ಈಗಿನ ಕಾಲದಲ್ಲಿ ಎಲ್ಲಿದ್ದಾರೆ ಅಂದರಂತೆ.

ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರದ ಮೇಲಿನ ಕೈ ನಿಂತಿತು.

ನಾನೇನಾದರೂ ಅನ್ನುವುದರೊಳಗೆ ಸುವರ್ಣಾ ಬಾಯಿ ಬಿಟ್ಟಳು. ಅವಳಿಗೆ ಅವತ್ತು ವಾರದ ರಜೆ.

“ಅಣ್ಣ, ಸಂಬಳ ಬಂದ ವಾರ ಅವ್ವನಿಗೆ ಯಾವ ದೇವರೂ ನೆನಪಾಗಲ್ಲ. ತಿಂಗಳ ಕೊನೇಲಿ ಎಲ್ಲ ದೇವರೂ ಒಟ್ಟಿಗೆ ಬರ್ತಾರೆ. ಯಾವತ್ತಾದ್ರೂ ಗಮನಿಸಿದೀಯಾ?”

“ಏನ್ ಹಂಗಂದ್ರ?”

“ಅದು ಒಪ್ಪತ್ತಲ್ಲ ಅಂತ. ನಿಂಗೆ ಸಾಕಾಗ್ಲಿ ಅಂತ ಅವ್ವ ಉಣ್ಣಲ್ಲ. ನಿಂಗೆ, ಸೌಮ್ಯಂಗೆ, ನಂಗೆ. ನೀನು ಅದನ್ನ ಹೋಗಿ ಓನರ್ ಹತ್ರ ಹೊಗಳ್ಕೊಂಡು ಬಂದಿದೀಯ.”

ಅತ್ತೆ ಕೈ ಎತ್ತಿದರು, ಮಗಳ ಕೆನ್ನೆಯ ಹತ್ತಿರ ಹೋಗಿ ಆ ಕೈ ಕೆಳಗಿಳಿಯಿತು. “ಸುಳ್ಳು ಹೇಳ್ತಾಳ ಅಮರೇಶಾ. ದೇವರ ಹೆಸರಿನ್ಯಾಗ ಯಾರರ ಸುಳ್ಳು ಮಾಡ್ತಾರೇನು,” ಎಂದರು. ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟೇ ಸಾಕಾಯಿತು. ಬಾಳೆಹಣ್ಣು ಗೂಡಿನಲ್ಲಿಟ್ಟು ಉಣ್ಣದೆ ಹೊರಗೆ ಹೋದರು.

ಆವತ್ತಿನಿಂದ ಅವರ ಕಣ್ಣು ಬೇರೆಯಾಯಿತು. ಉಪ್ಪು ಎಲ್ಲಿದೆ ಎಂದು ಗೊತ್ತಿಲ್ಲದ ಗಂಡಸು ಒಲೆಯ ಮೂಲೆಗೆ ಬಂದು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡತೊಡಗಿದರು. ಊಟಕ್ಕೆ ಕೂತರೆ ಅವ್ವಂದು ಆಯ್ತೇನು ಎಂದು ಕೇಳುವರು. ಆಗ್ಯಾದಪ್ಪಾ, ಮೊದಲ ಉಂಡೀನಿ ಎನ್ನುವರು ಅತ್ತೆ. ಒಂದು ರಾತ್ರಿ ನಮ್ಮ ಮನೆಯವರು ಎದ್ದುಹೋಗಿ ತೊಳೆಯುವ ಪಾತ್ರೆಗಳಲ್ಲಿ ಅವ್ವನ ತಟ್ಟೆ ಇದೆಯೇ ಎಂದು ನೋಡಿದರು. ಇತ್ತು, ಒದ್ದೆಯಾಗಿಯೂ ಇತ್ತು. ಅತ್ತೆ ಖಾಲಿ ತಟ್ಟೆಯನ್ನು ನೀರಲ್ಲಿ ಅದ್ದಿ ಇಟ್ಟಿದ್ದರು. ಮಗ ಆ ತಟ್ಟೆಯನ್ನು ಮೂಸಿ ನೋಡಿದ್ದನ್ನು ನಾನು ನೋಡಿದೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು. ನನ್ನ ಗಂಡ ಅತ್ತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಮಾರನೇ ದಿನ ಬೆಳಗ್ಗೆ ನಲ್ಲಿಯ ಹತ್ತಿರ ಅತ್ತೆ ಬಿದ್ದರು. ಕೊಡ ಎತ್ತಲು ಬಗ್ಗಿದವರು ಹಾಗೇ ಕುಸಿದರು. ನಾನು ಓಡುವುದರೊಳಗೆ ರಾಮಕ್ಕ ಅವರನ್ನು ತೊಡೆಗೆ ಒರಗಿಸಿಕೊಂಡಿದ್ದಳು. ಟ್ಯಾಂಕರ್ ನೀರು ತನ್ನ ಕಾಲಿಗೆ ಬಿಟ್ಟವನ ತಾಯಿ ಇವಳು ಅನ್ನುವುದು ಅವಳಿಗೆ ನೆನಪಿರಲಿಲ್ಲವೋ, ಇದ್ದೂ ಬೇಡವಾಯಿತೋ. ಚಿಕ್ಕಗಂಗಮ್ಮ ಸಕ್ಕರೆ ನೀರು ತಂದಳು. ಕಣ್ಣು ಬಿಟ್ಟ ಅತ್ತೆ, “ಒಪ್ಪತ್ತು ಇತ್ತವ್ವಾ, ಅದಕ ತಲಿ ತಿರುಗಿತು,” ಎಂದರು.

“ಗೊತ್ತು ಹೊನ್ನವ್ವಾ,” ಎಂದಳು ರಾಮಕ್ಕ, “ನಮ್ಮನೇಲೂ ಇರುತ್ತೆ.”

ನನ್ನ ಕೊಡವನ್ನು ಯಾರೋ ಮುಂದಕ್ಕೆ ಸರಿಸಿ ತುಂಬಿಸಿಕೊಟ್ಟರು.

ನಮ್ಮ ಮನೆಯವರು ಅವತ್ತೇ ಸಾರ್ ಹತ್ತಿರ ಹೋಗಿ, ಅವ್ವನಿಗೆ ಹುಷಾರಿಲ್ಲ, ಸನ್ಮಾನ ಬೇಡ ಎಂದರಂತೆ. ಪಂಚಾಕ್ಷರಿಯವರು ಕೂರಿಸಿ ಕಾಫಿ ಕೊಟ್ಟರಂತೆ. ಅವ್ವ ಸುಮ್ಮನೆ ಕುರ್ಚಿ ಮೇಲೆ ಕೂತರೆ ಸಾಕು, ಮಾತು ನಾನು ಆಡ್ತೀನಿ ಎಂದರಂತೆ. ಆಮೇಲೆ, ಶೀಟು ಸೋರುತ್ತೆ ಅಂದಿದ್ಯಲ್ಲ ಅಮರೇಶ, ಎಲೆಕ್ಷನ್ ಆದಮೇಲೆ ಇಡೀ ವಠಾರ ರಿಪೇರಿ ಮಾಡಿಸ್ಬೇಕು ಅಂತಿದೀನಿ, ಯಾರು ಇರ್ತಾರೆ ಯಾರು ಹೋಗ್ತಾರೆ ನೋಡ್ಕೊಂಡು, ಎಂದರಂತೆ. ಇಷ್ಟನ್ನೂ ನಗುನಗುತ್ತಾ ಹೇಳಿ ಭುಜ ತಟ್ಟಿ ಕಳಿಸಿದರಂತೆ.

ಅವತ್ತು ನಾವು ಕೂತು ಮಾತಾಡಿದೆವು. ಅತ್ತೆಯದು ಒಂದೇ ಹಟ. ಕೂಡ್ತೀನಿ, ಶಾಲು ಹೊದಿಸಿಕೋತೀನಿ, ಕೇಳಿದ್ರ ದೇವರು ನಡಸ್ತಾನ ಅಂತೀನಿ. ಒಂದು ತಾಸಿನ ಮಾತು, ಮುಗದು ಹೋಗ್ತೈತಿ. ಮನಿ ಉಳೀತೈತಿ. ಸುವರ್ಣಾ ಎಷ್ಟು ಹೇಳಿದರೂ ಜಗ್ಗಲಿಲ್ಲ. ನಾನು ಅತ್ತೆಯ ಕಡೆಗೇ ಮಾತಾಡಿದೆ. ಸೌಮ್ಯಳ ಸ್ಕೂಲು ಇಲ್ಲೇ ಹತ್ತಿರ, ನನ್ನ ಕೆಲಸ ನಡೆದು ಹೋಗುವಷ್ಟು ದೂರ. ಎಲ್ಲಿಗೆ ಅಂತ ಹೋಗುವುದು? ನಮ್ಮ ಮನೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಭಾನುವಾರ ಬಂತು. ಗಲ್ಲಿಗೆ ಶಾಮಿಯಾನ ಕಟ್ಟಿದರು, ನಮ್ಮ ಬಾಗಿಲ ಮುಂದೆ ಕೆಂಪು ಬಟ್ಟೆ ಹೊದಿಸಿದ ಕುರ್ಚಿ ಹಾಕಿದರು. ಉಳಿದೆಲ್ಲ ಹೊಸ್ತಿಲ ಮುಂದೆ ರಾತ್ರಿ ತಿಂದದ್ದು ಬರೆದಿತ್ತು. ಈ ಸಲ ಅಳಿಸಲು ಯಾರೂ ಬರಲಿಲ್ಲ. ಜನ ಸೇರಲಿದ್ದರಲ್ಲ, ಸಾರ್ ಬೇಡ ಅಂದಿರಬೇಕು. ನಾನು ಎದ್ದು ದೊಡ್ಡದೊಂದು ಎಳೆ ರಂಗೋಲಿ ಹಾಕಿದೆ. ಎರಡು ಕಡೆ ಎಳೆ ತಪ್ಪಿತು. ಅಳಿಸಿ ಹಾಕಲು ಹೋದರೆ ಇನ್ನೂ ಕೆಟ್ಟಿತು, ಹಾಗೇ ಬಿಟ್ಟೆ.

ಅತ್ತೆಗೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಡಿಸಿ ಕೂರಿಸಿದೆ. ಅವರ ತೋಳು ಹಿಡಿದಾಗ ಕುಪ್ಪಸದೊಳಗೆ ಬರೀ ಎಲುಬೇ ಸಿಕ್ಕಿತು. ಪಂಚಾಕ್ಷರಿಯವರು ಬಿಳಿ ಅಂಗಿಯಲ್ಲಿ ಬಂದರು, ಅವರ ಹೆಂಡತಿ ಶಾಂತವ್ವ ಹಣ್ಣಿನ ತಟ್ಟೆ ತಂದರು. ಮೊಬೈಲ್ ಹಿಡಿದ ಇಬ್ಬರು ಹುಡುಗರು ಎದುರಿಗೆ ನಿಂತರು. ನಮ್ಮ ಮನೆಯವರ ಕೈಗೆ ಶಾಲು ಕೊಟ್ಟು ಕುರ್ಚಿಯ ಹಿಂದೆ ನಿಲ್ಲಿಸಿದರು. ವಠಾರದ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ರಾಮಕ್ಕ ಕೈಕಟ್ಟಿಕೊಂಡಿದ್ದಳು.

ಪಂಚಾಕ್ಷರಿಯವರು ಚೆನ್ನಾಗಿಯೇ ಮಾತಾಡಿದರು. ಹಸಿವು ಅನ್ನುವುದು ಮನಸ್ಸಿನದು, ಮನಸ್ಸು ಗಟ್ಟಿಯಿದ್ದರೆ ಹೊಟ್ಟೆ ಕೇಳುವುದಿಲ್ಲ, ಈ ತಾಯಿಯನ್ನು ನೋಡಿ, ಇವರ ಮುಖದ ಕಳೆ ನೋಡಿ ಎಂದರು. ಆಮೇಲೆ ಮೈಕನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದರು.

“ಅವ್ವಾ, ಇಷ್ಟು ದಿನ ಒಪ್ಪತ್ತು ಮಾಡ್ತೀರಿ. ಈ ಶಕ್ತಿ ಎಲ್ಲಿಂದ ಬಂತು, ಜನಕ್ಕೆ ಹೇಳಿ.”

“ದೇವರು ನಡಸ್ತಾನ್ರೀ,” ಎಂದರು ಅತ್ತೆ. ಅಷ್ಟಕ್ಕೇ ಮುಗಿದಿದ್ದರೆ ಮುಗಿದೇ ಹೋಗುತ್ತಿತ್ತು. ಜನ ಚಪ್ಪಾಳೆಗೆ ಕೈ ಎತ್ತಿದ್ದರು. ಪಂಚಾಕ್ಷರಿಯವರಿಗೆ ವಿಡಿಯೋಗೆ ಇನ್ನೊಂದು ಮಾತು ಬೇಕಾಗಿತ್ತು.

“ಹಸಿವಾಗಲ್ವಾ ಅವ್ವಾ?”

ಅತ್ತೆ ಬಾಯಿ ತೆರೆದರು. ತುಟಿ ಮಾತ್ರ ಅಲ್ಲಾಡಿತು. ಇಲ್ಲ ಅನ್ನಬೇಕಾಗಿತ್ತು, ಒಂದೇ ಮಾತು. ಮೈಕಿನಲ್ಲಿ ಅವರ ಉಸಿರಿನ ಸದ್ದು ಗಲ್ಲಿ ತುಂಬ ಕೇಳಿಸಿತು. ಅವರು ಕತ್ತು ತಿರುಗಿಸಿ ಹಿಂದೆ ಮಗನನ್ನು ನೋಡಿದರು. ಹೇಳಲೋ ಬೇಡವೋ ಎಂದು ಕೇಳುವ ಹಾಗೆ. ಇಲ್ಲ ಅನ್ನಿ ಅತ್ತೀ, ಇಲ್ಲ ಅಂದುಬಿಡಿ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ.

“ಸಾರ್,” ಎಂದರು ನಮ್ಮ ಮನೆಯವರು. ಶಾಲನ್ನು ಎದೆಗೆ ಅವುಚಿಕೊಂಡಿದ್ದರು. “ಅವ್ವಂದು ಹರಕೆ ಅಲ್ರೀ.”

ಪಂಚಾಕ್ಷರಿಯವರು ಮೈಕನ್ನು ಹಿಂದಕ್ಕೆ ತೆಗೆದುಕೊಂಡರು. ಆದರೂ ನಮ್ಮ ಮನೆಯವರ ದನಿ ಗಲ್ಲಿಗೆಲ್ಲ ಕೇಳಿಸುತ್ತಿತ್ತು.

“ನಮ್ಮ ಮನ್ಯಾಗ ಸಾಲಂಗಿಲ್ಲ. ನಾವು ಉಣ್ಲಿ ಅಂತ ಆಕಿ ಉಣ್ಣಂಗಿಲ್ಲ. ನನಗ ಈ ವಾರ ಗೊತ್ತಾತು. ಹಸಿದು ಮಲಗೋರ ಹೆಸರು ಹೇಳ್ರಿ ಅಂದಿದ್ರಿ ಗುಡಿ ಮುಂದ. ಹೊನ್ನವ್ವ ಅಂತ. ನನ್ನ ತಾಯಿ.”

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಎದುರುಸಾಲಿನಿಂದ ರಾಮಕ್ಕ, “ರಾಮಕ್ಕ,” ಎಂದಳು, ಹಾಜರಿ ಹೇಳುವ ಹಾಗೆ. ಅವಳ ಪಕ್ಕದಿಂದ ಚಿಕ್ಕಗಂಗಮ್ಮ ತನ್ನ ಹೆಸರು ಹೇಳಿದಳು. ಅದರಾಚೆ ಇನ್ನೊಬ್ಬಳು. ಬಾಗಿಲಿಂದ ಬಾಗಿಲಿಗೆ ಹೆಸರು ಹೋಗುತ್ತಾ ಇತ್ತು. ನಮ್ಮ ಬಾಗಿಲಲ್ಲಿ ಸುವರ್ಣಾ ತನ್ನದು ಹೇಳಿ ನನ್ನ ಮೊಣಕೈ ತಿವಿದಳು. ನೀಲಾಂಬಿಕಾ ಎಂದೆ ನಾನು. ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದೆ, ಆದರೆ ಹೇಳಿದೆ. ವಿಡಿಯೋ ಹುಡುಗರು ನಿಲ್ಲಿಸಬೇಕೋ ಬೇಡವೋ ಗೊತ್ತಾಗದೆ ಮೊಬೈಲ್ ಹಿಡಿದೇ ನಿಂತಿದ್ದರು.

ಪಂಚಾಕ್ಷರಿಯವರ ಮುಖ ಸ್ವಲ್ಪವೂ ಬದಲಾಗಲಿಲ್ಲ. ಮಗನ ಕೈಯಿಂದ ಶಾಲು ತೆಗೆದುಕೊಂಡು ತಾವೇ ಅತ್ತೆಗೆ ಹೊದಿಸಿದರು. ಈ ತಾಯಂದಿರ ನೋವು ನನ್ನ ನೋವು, ರದ್ದಾದ ಕಾರ್ಡಿನ ವಿಷಯ ಇವತ್ತೇ ಪಾಂಪ್ಲೆಟ್ಟಿಗೆ ಸೇರಿಸುತ್ತೇನೆ ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಮೈಕು ಆಫ್ ಮಾಡಿ, ನಮ್ಮ ಮನೆಯವರ ಕಡೆ ತಿರುಗಿ, “ಆಮೇಲೆ ಸಿಗು ಅಮರೇಶ,” ಎಂದರು.

ಆ ವಿಡಿಯೋ ಎಲ್ಲೆಲ್ಲಿಗೋ ಹೋಯಿತು. ಸುವರ್ಣಾಳ ಅಂಗಡಿಗೆ ಬಂದವರು ಇವಳೇ ಅಲ್ವಾ ಎಂದು ಕೇಳಿದರಂತೆ. ನಮ್ಮ ವಾರ್ಡಿಗೆ ನಿಲ್ಲಬೇಕೆಂದಿದ್ದ ಉಳಿದಿಬ್ಬರೂ ಮಾರನೇ ದಿನವೇ ಬಂದು ಒಂದೊಂದು ಬಾಗಿಲ ಮುಂದೆಯೂ ನಿಂತು ಓದಿದರು. ವಾರದೊಳಗೆ ಮೂವರ ಪಾಂಪ್ಲೆಟ್ಟಿನಲ್ಲೂ ಕಾರ್ಡಿನ ಸಾಲು ಬಂತು. ಪಂಚಾಕ್ಷರಿಯವರದರಲ್ಲಿ ಅದು ಎಲ್ಲಕ್ಕಿಂತ ಮೇಲಿತ್ತು, ಪಕ್ಕದಲ್ಲಿ ಶಾಲು ಹೊದ್ದ ನಮ್ಮತ್ತೆಯ ಫೋಟೋ. ರಾಮಕ್ಕ ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ವಠಾರದ ಉದ್ದಕ್ಕೂ ತೋರಿಸಿಕೊಂಡು ಬಂದಳು. ನಮ್ಮ ಬಾಗಿಲಿಗೆ ಬಂದವಳ ಮುಖ ಸಣ್ಣಗಾಯಿತು.

ಅಷ್ಟರಲ್ಲಿ ಟ್ಯಾಂಕರಿನ ಕೀ ಬೇರೆಯವನ ಕೈ ಸೇರಿತ್ತು. ಮನೆಯ ಮಾತೂ ಬಂತು. ರಿಪೇರಿ ನಮ್ಮ ಮನೆಯಿಂದಲೇ ಶುರುವಂತೆ, ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಹೇಳಿ ಕಳಿಸಿದ ಹುಡುಗ ನಮ್ಮ ಮುಖ ನೋಡಲಾರದೆ ಗೇಟಿನಲ್ಲೇ ಹೇಳಿ ಹೋದ. ರಾಮಕ್ಕ ಕೆಂಗೇರಿಯಲ್ಲಿ ತನಗೆ ಗೊತ್ತಿರುವವರ ಮನೆ ಇದೆ, ವಿಚಾರಿಸುತ್ತೇನೆ ಎಂದಿದ್ದಾಳೆ. ಕೆಂಗೇರಿಯಿಂದ ನನ್ನ ಅಪಾರ್ಟ್‌ಮೆಂಟಿಗೆ ಯಾವ ಬಸ್ಸು ಎಂದು ಕೂಡ ನನಗೆ ಗೊತ್ತಿಲ್ಲ. ಸೌಮ್ಯ ಇದೇ ಸ್ಕೂಲಲ್ಲಿ ಇರ್ತೀನಾ ಎಂದು ದಿನಾ ಕೇಳುತ್ತಾಳೆ. ದಿನಾ ಹೂಂ ಎನ್ನುತ್ತೇನೆ.

ಆ ಹುಡುಗ ಬಂದು ಹೋದ ಮಧ್ಯಾಹ್ನವೇ ನಾವು ಊಟಕ್ಕೆ ಕೂತೆವು. ನಮ್ಮ ಮನೆಯವರು ಅವ್ವನ ಕೈ ಹಿಡಿದು ಕರೆತಂದು ತಮ್ಮ ಎದುರಿಗೆ ಕೂರಿಸಿಕೊಂಡರು. ಅನ್ನ, ಬದನೆಕಾಯಿ ಪಲ್ಯ. ಎಲ್ಲರಿಗೂ ಒಂದೇ ಅಳತೆಗೆ ಬಡಿಸಿದೆ, ಪಾತ್ರೆ ಬರಿದಾಯಿತು. ಅತ್ತೆ ತಲೆ ತಗ್ಗಿಸಿ ಉಂಡರು. ನಾವು ಅರ್ಧಕ್ಕೆ ಬರುವುದರೊಳಗೆ ಅವರ ತಟ್ಟೆ ಖಾಲಿಯಾಗಿತ್ತು. ತಲೆ ಎತ್ತದೆಯೇ, “ಇನ್ನೊಂಚೂರು ಹಾಕವ್ವಾ,” ಎಂದರು.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಪಾತ್ರೆಯ ಕಡೆ ನೋಡಿದೆ, ಗಂಡನ ಕಡೆ ನೋಡಿದೆ. ಅವರು ತಮ್ಮ ತಟ್ಟೆಯನ್ನು ಅವ್ವನ ಮುಂದೆ ಸರಿಸಿದರು. ಬೇಡಪ್ಪಾ, ನೀ ಉಣ್ಣು ಅನ್ನುತ್ತಾರೆ ಎಂದು ಎಲ್ಲರೂ ಕಾದೆವು. ಅತ್ತೆ ಅನ್ನಲಿಲ್ಲ. ಎಂಜಲು ಎಂದೂ ನೋಡದೆ ಮಗನ ತಟ್ಟೆಯದನ್ನೂ ಉಂಡರು, ತಟ್ಟೆಯನ್ನು ಬೆರಳಿನಿಂದ ಬಳಿದು ಉಂಡರು. ಇಷ್ಟೊಂದು ಹಸಿವು ಇಷ್ಟು ದಿನ ನಮ್ಮ ನಡುವೆಯೇ ಕೂತಿತ್ತಲ್ಲ ಎಂದು ನನಗೆ ಭಯವಾಯಿತು. ಮನೆ ಹೋಗುವ ಭಯಕ್ಕಿಂತ ದೊಡ್ಡ ಭಯ ಅದು. ಆಮೇಲೆ ಸುವರ್ಣಾ ತನ್ನ ತಟ್ಟೆಯನ್ನೂ ಮುಂದಕ್ಕೆ ಸರಿಸಿದಳು. ಅತ್ತೆ ಅದಕ್ಕೂ ಕೈ ಚಾಚಿದರು.